ಮುಂಡರಗಿಗೆ ಮುಟ್ಟಿಸಬೇಕಾದ ಮಾತು

ಬೆಟಗೇರಿಯ ನೇಕಾರ ಓಣಿಯಲ್ಲಿ ದಾವಲಬಿಯ ಬಾಯಿಗೆ ಹೆದರದವರಿಲ್ಲ. ನಳದ ಸರದಿ ತಪ್ಪಿಸಿ ಕೊಡ ಇಟ್ಟವರ ಏಳು ತಲೆಮಾರನ್ನು ಅಲ್ಲೇ ಜಾಲಾಡಿಬಿಡುವ ಹೆಂಗಸು. ರಾಟಿ ತಿರುಗಿಸಿ ಮಗ್ಗದ ಕಂಡಿಕೆಗೆ ನೂಲು ಸುತ್ತಿಕೊಡುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಅದರಲ್ಲೇ ಮಗ ನಯಾಜನನ್ನು ಸಾಕಿ, ಹುಬ್ಬಳ್ಳಿಯ ಗ್ಯಾರೇಜಿಗೆ ಹಚ್ಚಿ, ಮದುವೆಯನ್ನೂ ಮಾಡಿ ಮುಗಿಸಿದ್ದಳು. ಇನ್ನು ಯಾರ ಗೊಡವೆಯೂ ಬೇಡ ಎಂದು ಕೂತವಳ ಮಡಿಲಿಗೆ ಬಂದು ಬಿದ್ದದ್ದು ಪಕ್ಕದ ಮನೆಯ ಕೂಸು.

ಪಕ್ಕದ ಮನೆ ನೇಕಾರ ಸಿದ್ದಾರೂಢನದು. ಅವನ ಹೆಂಡತಿ ಶೇಖವ್ವ ಹೆರಿಗೆಯಾಗಿ ಮೂರು ತಿಂಗಳಿಗೆ ಜ್ವರ ಬಂದು ಹೋಗಿಬಿಟ್ಟಳು. ತಾಯಿಯಿಲ್ಲದ ಸ್ನೇಹಾಳನ್ನು ಎತ್ತಿಕೊಳ್ಳಲು ಮೊದಲ ವಾರ ಓಣಿಗೆ ಓಣಿಯೇ ಮುಗಿಬಿತ್ತು. ಎರಡನೇ ವಾರ ಒಬ್ಬರ ಸುಳಿವೂ ಇಲ್ಲ. ಬಾಯಿಮಾತಿಗೇನು ಬಡತನ ಹೇಳಿ. ಅಪ್ಪನೋ, ಬೆಳಗಾದರೆ ಮಗ್ಗದ ಕುಣಿಗೆ ಇಳಿದವನು ಕೂಸು ಮಲಗಿದ ಮೇಲೆಯೇ ಏಳುವವನು. ದಾವಲಬಿ ಒಂದು ದಿನ ಬೈಯುತ್ತಲೇ ಬಂದು, ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಹೋದಳು.

ಎರಡು ವರ್ಷ ತುಂಬುವ ಹೊತ್ತಿಗೆ ಸ್ನೇಹಾಳಿಗೆ ಮಾತು ಬಂತು. ಬಂತು ಅಂದರೆ, ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅನ್ನುವ ಹಾಗೆ ಬಂತು. ರೊಟ್ಟಿ ಲೊಟ್ಟಿಯಾಯಿತು, ಕುದುರೆ ತುದುಲಿಯಾಯಿತು, ಕತ್ತೆಯೂ ತುದುಲಿಯೇ. ಅಪ್ಪನ ಮನೆಯ ನೀರು, ದಾವಲಬಿಯ ಮನೆಯ ಪಾನಿ ಎರಡೂ ಕಲೆತು ‘ಪಾನೀಲು’ ಆಯಿತು. ನಾಳೆ ಎಂಬುದು ಅವಳ ಲೆಕ್ಕದಲ್ಲಿ ಇರಲೇ ಇಲ್ಲ. “ಬೀ, ನಿನ್ನಿ ಪ್ಯಾತಿಗಿ ಓಗೂನು” ಎಂದರೆ ನಾಳೆ ಪೇಟೆಗೆ ಹೋಗೋಣ ಎಂದರ್ಥ. ಇದನ್ನೆಲ್ಲ ಓಣಿಯ ಹೆಂಗಸರಿಗೆ ಹೇಳಿ ಹೇಳಿ ದಾವಲಬಿ ನಗುತ್ತಿದ್ದಳು.

ಎತ್ತಿಕೋ ಎನ್ನುವುದಕ್ಕೆ ಕೂಸು ಎರಡೂ ಕೈ ಮೇಲೆತ್ತಿ ‘ಇಲಚು’ ಎನ್ನುತ್ತಿತ್ತು. ಇಳಿಸು ಅಂತ. ತಪ್ಪು ಕೂಸಿನದಲ್ಲ. ಅದು ಸೊಂಟವೇರಿ ಕೂತಾಗೆಲ್ಲ ದಾವಲಬಿ, “ಕೆಲಸ ಬಿದ್ದೈತಿ, ಇಳಸ್ತೀನಿ ನೋಡು, ಇಳಸ್ತೀನಿ” ಎಂದು ಹೆದರಿಸುತ್ತಿದ್ದಳು. ಇಳಿಸುತ್ತಿರಲಿಲ್ಲ. ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ರಾಟಿ. ಹೀಗಾಗಿ ಸ್ನೇಹಾಳಿಗೆ ಇಳಿಸುವುದು ಎಂದರೆ ದಾವಲಬಿಯ ಸೊಂಟದ ಮೇಲೆ ಕೂತಿರುವುದು ಎಂದೇ ಆಗಿಹೋಯಿತು.

ಗದಗ ಹೊಸ ಜಿಲ್ಲೆಯಾದ ಮರುವರ್ಷದ ಮಾತು. ಇನ್ನು ಕಚೇರಿ ಕೆಲಸಕ್ಕೆ ಧಾರವಾಡಕ್ಕೆ ಅಲೆಯುವುದು ತಪ್ಪಿತು ಎಂದು ಊರೆಲ್ಲ ಹಿಗ್ಗುತ್ತಿದ್ದಾಗ ಸಿದ್ದಾರೂಢನಿಗೆ ಎರಡನೇ ಸಂಬಂಧ ಕೂಡಿಬಂತು. ಹುಡುಗಿ ಮುಂಡರಗಿಯ ನೀಲಗಂಗವ್ವ. ಅವಳ ಅಣ್ಣನ ಅರಿವೆ ಅಂಗಡಿಯಲ್ಲಿ ಇವನಿಗೆ ಕೆಲಸ. ಮಗ್ಗ ಮಾರಿ, ಮಗಳನ್ನು ಕರೆದುಕೊಂಡು ಹೊರಟು ನಿಂತ.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಸ್ವಲ್ಪ ದಿನ ನೀವು ಅತ್ಲಾಗ ಬರಬ್ಯಾಡ್ರಿ. ನಿಮ್ಮ ಮಾರಿ ಕಂಡ್ರ ಆಕಿ ಅಲ್ಲಿ ಹೊಂದೂದಿಲ್ಲ” ಎಂದ.

ಓಣಿಯನ್ನೇ ನಡುಗಿಸುವ ಬಾಯಿಗೆ ಅವತ್ತು ಸಿಕ್ಕಿದ್ದು ಒಂದೇ ಮಾತು. “ಆತು.”

ಕೂಸು ಹೋದ ಮೇಲೆ ಅವಳಿಗೆ ಊಟ ಸೇರಲಿಲ್ಲ, ನೂಲು ಕಡಿಯತೊಡಗಿತು. ಆದರೂ ಮುಂಡರಗಿಯ ಕಡೆ ಕಾಲಿಡಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ.

ತಿಂಗಳು ಕಳೆದು ಸಿದ್ದಾರೂಢ ಉಳಿದ ಸಾಮಾನು ಒಯ್ಯಲು ಬಂದ. ಕೂಸು ಹೆಂಗೈತಿ ಎಂದು ಕೇಳಿದ್ದೇ ತಡ, ದೂರು ಶುರುವಾಯಿತು.

“ಭಾಳ ಹಟಮಾರಿ ಆಗ್ಯಾಳ್ರಿ. ನೀಲಗಂಗವ್ವ ಎತ್ಕೊಂಡ್ರ ಸಾಕು, ಆಕಿ ಕುತ್ತಿಗಿಗೆ ಜೋತುಬಿದ್ದು ಇಲಚು ಇಲಚು ಅಂತಾಳ. ಇಳಿಸಿದ್ರ ನೆಲಕ್ಕ ಬಿದ್ದು ಹೊರಳತಾಳ. ಈಗ ನಮ್ಮಾಕಿ ಎತ್ಕೊಳ್ಳೂದ ಬಿಟ್ಟುಬಿಟ್ಟಾಳ.”

ದಾವಲಬಿಗೆ ತಟ್ಟನೆ ತಿಳಿಯಿತು. ಕೂಸು ಬಿಡಬೇಡ ಎಂದು ಗೋಗರೆದಷ್ಟೂ ಅದನ್ನು ನೆಲಕ್ಕಿಳಿಸಿದ್ದಾರೆ. ಒಂದು ತಿಂಗಳು, ದಿನಾ.

“ಇಲಚು ಅಂದ್ರ ಎತ್ಕೋ ಅಂತೋ ಮಾರಾಯಾ. ಮನೀಗೆ ಹೋದ ಕೂಡ್ಲೇ ಮೊದಲ ಇದನ್ನ ಹೇಳು” ಎಂದಳು. “ಹೌದೇನ್ರಿ, ಹೇಳ್ತೀನಿ ತಗೋರಿ” ಎಂದು ಅವನು ಪಾತ್ರೆಪಗಡೆಗಳನ್ನು ಟೆಂಪೋಕ್ಕೆ ಹೇರತೊಡಗಿದ. ಗಂಡಸರು ಇಂಥದ್ದನ್ನು ಗದಗ ದಾಟುವವರೆಗೆ ನೆನಪಿಟ್ಟರೆ ಅದೇ ದೊಡ್ಡದು. ಮರುದಿನ ಬೆಳಗಿನ ಬಸ್ಸಿಗೇ ದಾವಲಬಿ ಮುಂಡರಗಿಗೆ ಹೊರಟಳು.

ದಾರಿಯುದ್ದಕ್ಕೂ ಆ ನೀಲಗಂಗವ್ವನಿಗೆ ಆಡಬೇಕಾದ ಮಾತುಗಳನ್ನು ಹರಿತ ಮಾಡಿಕೊಂಡೇ ಹೋದಳು. ಮುಂಡರಗಿಯಲ್ಲಿ ಮನೆ ವಿಚಾರಿಸಿ, ಕೂಸಿನ ಕಣ್ಣಿಗೆ ಬೀಳಬಾರದೆಂದು ಹಿತ್ತಲ ಬಾಗಿಲಿಗೆ ಹೋಗಿ ಮೆಲ್ಲಗೆ ಕರೆದಳು. ಹೊರಗೆ ಬಂದವಳು ಇನ್ನೂ ಇಪ್ಪತ್ತು ದಾಟದ ಹುಡುಗಿ. ಕೂಸು ಮುಂದಿನ ಖೋಲಿಯಲ್ಲಿ ಮಲಗಿದೆ ಎಂದಳು. ಗಂಡ ಅವಳಿಗೆ ಏನೂ ಹೇಳಿರಲಿಲ್ಲ. ದಾವಲಬಿ ಹೇಳಿದಳು.

ಹುಡುಗಿ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. “ನಾ ಆಕೀಗೆ ಬ್ಯಾಡಾಗೇನಿ ಅಂತ ತಿಳಕೊಂಡಿದ್ದೆ ಯಕ್ಕಾ. ನಾ ಮುಟ್ಟಿದ್ರೂ ಆಕೀಗೆ ಸೇರೂದಿಲ್ಲಂತ ದಿನಾ ಅಳತಿದ್ದೆ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹರಿತ ಮಾಡಿಟ್ಟ ಮಾತನ್ನೆಲ್ಲ ದಾವಲಬಿ ಅಲ್ಲೇ ಬಿಟ್ಟಳು. ಪಕ್ಕದಲ್ಲಿ ಕೂತು, ಲೊಟ್ಟಿ, ತುದುಲಿ, ಪಾನೀಲು, ನಿನ್ನಿ ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳಿದಳು. ಹುಡುಗಿ ಪ್ರತಿ ಮಾತನ್ನೂ ಬಾಯಲ್ಲಿ ಅಂದುಕೊಂಡು ಕಲಿತಳು. ಮಾತಾಗಿ ತನ್ನಲ್ಲಿ ಉಳಿದಿದ್ದ ಕೂಸನ್ನೂ ದಾವಲಬಿ ಹೀಗೆ ಕೈಯಾರೆ ಕೊಟ್ಟಂತಾಯಿತು.

ಒಳಗೆ ಕೂಸು ಎದ್ದು ಅತ್ತಿತು. ದಾವಲಬಿಯ ಕಾಲುಗಳು ತಾವಾಗಿಯೇ ಎದ್ದು ನಿಂತವು. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, “ನೀ ಹೋಗು” ಎಂದಳು.

ಕದದ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. “ಇಲಚು, ಇಲಚು.” ಕಾಲ್ಗೆಜ್ಜೆಯ ಸದ್ದು. “ಬಾರ ನನ್ನವ್ವಾ, ಇಳಸೂದಿಲ್ಲ ಇನ್ನ.” ಅಳು ಬಿಕ್ಕಾಯಿತು, ಬಿಕ್ಕೂ ನಿಂತಿತು. ಅವಳು ಬಸ್ಸು ಹತ್ತಿ ಬಂದದ್ದು ಇದಕ್ಕೇ. ಆದರೆ ಇಷ್ಟು ಜಲ್ದಿ ನಿಲ್ಲುತ್ತದೆಂದು ಎಣಿಸಿರಲಿಲ್ಲ. ಇನ್ನೊಂದು ಚೂರು ಅತ್ತಿದ್ದರೆ ಎಂದು ಹಾಳು ಮನಸ್ಸು ಬಯಸಿತು, ಬಯಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಳು.

ನೀಲಗಂಗವ್ವ ನಡುಬಾಗಿಲಿಗೆ ಬಂದು ಪಿಸುಗುಟ್ಟಿದಳು. “ಹೆಗಲ ಮ್ಯಾಲೆ ತಲಿ ಇಟ್ಟಾಳ್ರಿ ಯಕ್ಕಾ. ಬರ್ರಿ, ಒಮ್ಮೆ ಮಾರಿ ನೋಡಿ ಹೋಗ್ರಿ.”

ಕೂಸಿನ ಬೆನ್ನು ಈ ಕಡೆಗಿತ್ತು. ಎರಡು ಹೆಜ್ಜೆ ಇಟ್ಟಿದ್ದರೆ ಮುಖವೂ ಕಾಣುತ್ತಿತ್ತು.

“ಬ್ಯಾಡವಾ. ನನ್ನ ಕಂಡ್ಲಂದ್ರ ನಿನ್ನ ಹೆಗಲ ಬಿಟ್ಟು ಬರ್ತಾಳ. ಬೆನ್ನು ತಟ್ಟು. ಹಾಂ, ಹಂಗ.”

ದಾವಲಬಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸದ್ದು ಮಾಡದೆ ಹಿತ್ತಲು ದಾಟಿದಳು. ಆ ಮನೆಗೆ ಕೇಳಿಸದಷ್ಟು ದೂರ ಬಂದ ಮೇಲೆ ರಸ್ತೆಯ ಬದಿಗೆ ಕೂತು, ಬಾಯಿಬಿಟ್ಟು ಅತ್ತಳು.