ಹಾಸಿಗೆಯಕ್ಕನ ಹಗಲುನಿದ್ದೆ

ಹಾಸಿಗೆಯಕ್ಕನ ಅಪ್ಪ ಬೀದಿ ಬೀದಿ ಸುತ್ತಿ ಹತ್ತಿ ಹಿಂಜುತ್ತಿದ್ದವನು. ಅವನ ಮಗ್ಗುಲಲ್ಲೇ ಬೆಳೆದ ಮಗಳ ತಲೆಯ ತುಂಬ ಸದಾ ಬಿಳಿ ಎಳೆಗಳು. ಓರಗೆಯ ಮಕ್ಕಳು ಹಲ್ಲು ಬೀಳುವ ವಯಸ್ಸಿಗೇ ಅವಳನ್ನು ‘ಅಜ್ಜಿ’ ಮಾಡಿಬಿಟ್ಟಿದ್ದರು. ಅಪ್ಪ ತೀರಿಕೊಂಡ ಮೇಲೆ ಅವಳು ಬಸ್ ನಿಲ್ದಾಣದ ಎದುರು, ಇಸ್ತ್ರಿಯವನಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಇಕ್ಕಟ್ಟಾದ ಮಳಿಗೆ ಹಿಡಿದು ಹಾಸಿಗೆ ಹೊಲಿಯತೊಡಗಿದಳು.

ದುಡಿತವೆಂದರೆ ಅಂಥಿಂಥ ದುಡಿತವಲ್ಲ. ಹತ್ತಿ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಳ ಚುಚ್ಚಿಸಿಕೊಂಡು ಬೆರಳು ಜರಡಿಯಾದವು. ಗಿರಾಕಿಗಳು ಮಾತ್ರ ಇತ್ತ ತಲೆ ಹಾಕಲಿಲ್ಲ. ಎಲ್ಲರೂ ಎದುರಿನ ಗಾಜಿನ ಬಾಗಿಲಿನ ಫೋಮ್ ಅಂಗಡಿಗೇ ನುಗ್ಗುತ್ತಿದ್ದರು.

ಅವಳ ಒಡಹುಟ್ಟಿದ ಅಕ್ಕನ ಗಂಡ ಬಂದಾಗಲೆಲ್ಲ ಚುಚ್ಚುತ್ತಿದ್ದ: “ಬೆವರು ಸುರಿಸಿದವರೆಲ್ಲ ಉದ್ಧಾರ ಆಗೋದಾದ್ರೆ ಕತ್ತೆಗಳು ಬಂಗಲೆ ಕಟ್ಟಿಸ್ತಿದ್ವು ಕಣಮ್ಮ.”

“ನೀವು ಬೆವರೇ ಸುರಿಸಿಲ್ವಲ್ಲ ಭಾವ, ನಿಮ್ಮ ಬಂಗಲೆ ಎಲ್ಲಿದೆ?”

ಒಂದು ಮಧ್ಯಾಹ್ನ ಸುಸ್ತಾಗಿ, ಮಳಿಗೆಯ ಮುಂದೆ ಮಾರಾಟಕ್ಕೆ ಹಾಸಿದ್ದ ಹಾಸಿಗೆಯ ಮೇಲೆ ಒಂದಿಷ್ಟು ಒರಗಿದಳು. ಕಣ್ಣು ಹತ್ತಿದ್ದೇ ತಡ, ಗೊರಕೆ ಶುರು. ಎದ್ದಾಗ ಎದುರಿಗೆ ಜನ. ಮುಂದೆ ನಿಂತಿದ್ದ ಬಸ್ ಚಾಲಕ ಸೊಂಟ ಹಿಡಿದುಕೊಂಡೇ ಕೇಳಿದ:

“ಅಕ್ಕಾ, ಬಸ್ಸಿನ ಹಾರ್ನಿಗೂ ನೀವು ಏಳ್ಲಿಲ್ಲ. ನಂಗೆ ಇದೇ ಹಾಸಿಗೆ ಬೇಕು.”

“ಹೊಸದು ಕೊಡ್ತೀನಿ ಇರಪ್ಪ.”

“ಬೇಡಿ. ನಿದ್ದೆ ಬಂದಿರೋದು ಇದರ ಮೇಲೆ.”

ಅಂದಿನಿಂದ ದಿನವೂ ಊಟವಾದ ಮೇಲೆ ಅಂಗಡಿಯ ಬಾಗಿಲಲ್ಲೇ ಅವಳ ನಿದ್ದೆ. ಗಿರಾಕಿ ಹೆಚ್ಚಿದಂತೆ ನಿದ್ದೆ ಹಾರಿಹೋಗಿ, ಒಂದು ಕಣ್ಣು ಓರೆ ತೆರೆದು ಬರೀ ಗೊರಕೆ ಹೊಡೆಯುವುದೂ ಉಂಟು. ಎದುರಂಗಡಿಯ ಸಾಹುಕಾರನೂ ತನ್ನ ಗುಮಾಸ್ತನನ್ನು ಫೋಮಿನ ಮೇಲೆ ಮಲಗಿಸಿದ. ಅವನೋ ಬೆವರಿ ತೊಪ್ಪೆಯಾಗಿ ಎದ್ದು ಕೂತು, “ಅಯ್ಯೋ ಸೆಕೆ, ನೆಲವೇ ವಾಸಿ” ಎಂದುಬಿಟ್ಟ, ಗಿರಾಕಿಗಳ ಮುಂದೆಯೇ.

ಹಾಸಿಗೆಯಕ್ಕನ ಮಳಿಗೆ ಎರಡಾಯಿತು, ಹೊಲಿಯಲು ಹೆಂಗಸರು ಬಂದರು. ಹತ್ತಿ ಬಡಿಯುವ ಕೆಲಸಕ್ಕೆ ಭಾವನೇ ಸೇರಿಕೊಂಡ, ಮುಖ ಗಂಟಿಕ್ಕಿಕೊಂಡೇ.

ಬಡತನದಿಂದ ಮೇಲೆ ಬಂದವಳೆಂದು ಹತ್ತಿರದ ಶಾಲೆಯವರು ಅವಳನ್ನು ಸಭೆಗೆ ಕರೆದರು. “ನಿದ್ದೆಗೆಟ್ಟು ದುಡಿದೆ ಅಂತ ಹೇಳಿ, ಮಕ್ಕಳು ಕಲೀಲಿ,” ಎಂದು ಹೆಡ್ಮಿಸ್ಸು ಕಿವಿಯಲ್ಲಿ ಪಿಸುಗುಟ್ಟಿದರು.

ಅವಳು ಮೈಕಿನ ಮುಂದೆ ನಿಂತಳು. “ನಿದ್ದೆಗೆಟ್ಟು ದುಡಿದೆ ಮಕ್ಕಳೇ, ಒಂದು ನೊಣಾನೂ ಬರ್ಲಿಲ್ಲ. ನಿದ್ದೆ ಮಾಡಿದೆ, ಜನ ಬಂದ್ರು.” ಮಕ್ಕಳು ಹೋ ಎಂದು ನಕ್ಕರು, ಹೆಡ್ಮಿಸ್ಸು ಕೈಯಲ್ಲಿದ್ದ ಶಾಲನ್ನು ಹಿಂಡಿದರು. ಅವಳು ನಗು ನಿಲ್ಲುವವರೆಗೆ ಕಾದಳು. “ಆದ್ರೆ ಹೊಲಿಗೆ ಕೆಟ್ಟಿದ್ರೆ ನಂಗೆ ನಿದ್ದೆ ಎಲ್ಲಿಂದ ಬರ್ತಿತ್ತು? ಅದನ್ನೂ ಯೋಚ್ನೆ ಮಾಡಿ.”

ಮರುವಾರ ಹೆಡ್ಮಿಸ್ಸೇ ಹಾಸಿಗೆ ಕೊಳ್ಳಲು ಬಂದರು. ಸುಮ್ಮನೆ ನೋಡೋಣವೆಂದು ಕನ್ನಡಕ ತೆಗೆದಿಟ್ಟು ಕಾಲು ಚಾಚಿದವರು ಶಾಲೆಯ ಗಂಟೆ ಬಾರಿಸಿದರೂ ಏಳಲಿಲ್ಲ. ಹಾಸಿಗೆಯಕ್ಕ ಎಬ್ಬಿಸಲು ಹೋಗಲಿಲ್ಲ. ಬೀದಿಯವರಿಗೆ ಚೆನ್ನಾಗಿ ಕಾಣಲೆಂದು ಬಾಗಿಲ ಪರದೆಯನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದಳು.