ಗೂಬೆಯ ಊಟ ಕೇರುವ ಮೊರ

ಕ್ಯಾಮೆರಾದ ರೋಲು ಮುಗಿದಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಪುಣೆಯ ಕಾತ್ರಜ ದಾಟಿದ ಮೇಲೆ, ಜೋಳದ ಹೊಲಗಳ ನಡುವೆ ಒಂದು ತಗಡಿನ ಶೆಡ್ಡು. ಗೆಳೆಯನ ಮಗಳು ಮೇಘಾ ಇಲ್ಲಿ ಗೂಬೆಗಳ ಆಹಾರದ ಅಧ್ಯಯನ ಮಾಡುತ್ತಿದ್ದಾಳೆ. ಒಂದೇ ಹೊಲದಲ್ಲಿ ದೊಡ್ಡ ಕಣಜಗೂಬೆಯೂ ಇದೆ, ಪುಟ್ಟ ಹಾಲಕ್ಕಿ ಗೂಬೆಯೂ ಇದೆ. ಅರಗದ ಮೂಳೆ, ಕೂದಲನ್ನು ಎರಡೂ ಉಂಡೆಯಾಗಿ ಉಗುಳುತ್ತವೆ. ಆ ಉಂಡೆಗಳನ್ನು ಬಿಡಿಸುವವರು ಯಾದಗಿರಿ ಕಡೆಯ ಮಲ್ಲಮ್ಮ. ಮೊದಲು ಕಟ್ಟಡದ ಕೆಲಸದಲ್ಲಿದ್ದರಂತೆ.

ಚಿಮಟ ಹಿಡಿದಿರುತ್ತಾರೆ ಅಂದುಕೊಂಡಿದ್ದೆ. ಅವರ ಕೈಯಲ್ಲಿದ್ದದ್ದು ಮೊರ. ಪುಡಿ ಮಾಡಿದ ಉಂಡೆಯನ್ನು ಜೋಳದಂತೆ ಕೇರಿದರು. ಕೂದಲು ಹಾರಿತು, ಇಲಿಯ ದವಡೆ ಮೊರದಲ್ಲೇ ಉಳಿಯಿತು. ಹಾರಿದ್ದು ಬೀಳುವ ಕಡೆ ಒಂದು ಬಿಳಿ ಪಂಚೆ ಹಾಸಿತ್ತು.

"ಪಂಚೆ ಯಾಕೆ?" ಎಂದು ಕೇಳಿದೆ.

"ಮೊದಲ ಇದು ಇರಲಿಲ್ರಿ. ಹೊಟ್ಟು ಅಂತ ಹಾರಲಿಕ್ಕಿ ಬಿಟ್ಟೆ. ಮೇಘಾತಾಯಿ ಹಾಲಕ್ಕಿನೂ ಬರೇ ಇಲಿ ತಿಂತದ ಅಂತ ಬರಕೊಂಡ್ರು. ಮರುದಿನ ಕಸ ಹೊಡಿವಾಗ ನೋಡ್ತೀನಿ, ಹೊಟ್ಟಿನಾಗ ಏನೋ ಮಿಂಚ್ತಾವ. ಎಲ್ಲಾ ಹುಳದ ರೆಕ್ಕಿ. ಹಾಲಕ್ಕಿ ಭಾಳ ತಿಂದಿದ್ದು ಹುಳಾನ. ನಾನೇ ಗಾಳಿಗಿ ತೂರಿದ್ದೆ."

ತಪ್ಪು ಹೇಳಿಕೊಳ್ಳುವಾಗ ಅವರ ಮುಖದಲ್ಲಿ ಸಂಕೋಚದ ಸುಳಿವಿರಲಿಲ್ಲ. ಮೇಘಾಳ ನೋಟ್‌ಬುಕ್ ತಂದು ಒಂದು ಪುಟ ತೆರೆದರು. ಮಲ್ಲಮ್ಮನಿಗೆ ಓದು ಬಾರದು. ಆದರೂ ಬೆರಳು ತಡವರಿಸದೆ ಒಂದು ಸಾಲಿನ ಮೇಲೆ ಹೋಗಿ ನಿಂತಿತು. 'ಹಾಲಕ್ಕಿ: ಇಲಿ ಮಾತ್ರ' ಎಂದಿದ್ದ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಲಾಗಿತ್ತು.

"ಬರದದ್ದು ಅವರದ್ರಿ," ಎಂದರು. "ಗೀಟು ನಂದು."