ಗುಡ್ಡದ ಮೇಲಿನ ಮೂಲನಿವಾಸಿ

ಪುಣೆಯಲ್ಲಿ ನನ್ನ ತಲೆ ನರೆತರೂ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ‘ತುಮ್ಹಿ ಮೂಳಚೆ ಕುಠಲೆ?’ ಅಂದರೆ, ನೀವು ಮೂಲತಃ ಎಲ್ಲಿಯವರು? ಹಾಲಿನವನು ಕೇಳಿದ್ದಾನೆ. ಹಲ್ಲಿನ ಡಾಕ್ಟರಂತೂ ನನ್ನ ಬಾಯಲ್ಲಿ ಇಕ್ಕಳ ಇಟ್ಟುಕೊಂಡೇ ಕೇಳಿದ್ದಾರೆ. ವಿಜಾಪುರ ಎಂದ ಕೂಡಲೇ ಕೇಳಿದವರಿಗೆ ಏನೋ ಸಮಾಧಾನ. ನನಗೆ ಮಾತ್ರ ‘ಮೂಲ’ ಎಂಬ ಶಬ್ದ ಕಿವಿಗೆ ಬಿದ್ದಾಗಲೆಲ್ಲ ಒಂದು ನಕ್ಷತ್ರ ಮತ್ತು ಒಂದು ವ್ಯಾಧಿ ನೆನಪಾಗುತ್ತವೆ. ಮೂಲಾ ನಕ್ಷತ್ರ ಮದುವೆಗೆ ಅಡ್ಡಿ, ಮೂಲವ್ಯಾಧಿ ಕೂರುವುದಕ್ಕೆ ಅಡ್ಡಿ. ಮೂಲ ಯಾವುದೇ ಇರಲಿ, ಅದು ಮನುಷ್ಯನನ್ನು ನೆಮ್ಮದಿಯಾಗಿ ಇರಗೊಡುವುದಿಲ್ಲ.

ಸಕ್ಕರೆ ಕಾಯಿಲೆಗೆ ನಡೆಯಬೇಕೆಂದು ಡಾಕ್ಟರು ಹೇಳದಿದ್ದರೆ ಗುಡ್ಡ ಹತ್ತುವವರ ಗುಂಪು ಕಟ್ಟಿದ್ದ ಪರಾಂಜಪೆಯವರ ಕೈಗೆ ನಾನು ಸಿಗುತ್ತಲೇ ಇರಲಿಲ್ಲ. ನಮ್ಮ ಕಡೆ ಗುಡ್ಡ ಹತ್ತಬೇಕಾದರೆ ಮೇಲೊಬ್ಬ ದೇವರು ಇರಬೇಕು. ಕೆಳಗೆ ಇಳಿದ ಮೇಲೆ ಊಟ ಇರಬೇಕು. ಪುಣೆಯವರು ಹಾಗಲ್ಲ, ಸುಮ್ಮನೆ ಹತ್ತುತ್ತಾರೆ, ಸುಮ್ಮನೆ ಇಳಿಯುತ್ತಾರೆ. ಇದಕ್ಕೆ ನಮ್ಮ ಪತ್ರಿಕೆಗಳು ‘ಚಾರಣ’ ಎಂದು ಹೆಸರಿಟ್ಟಿವೆ. ಹಳೆಯ ನಿಘಂಟಿನಲ್ಲಿ ಚಾರಣ ಎಂದರೆ ಊರೂರು ತಿರುಗಿ ರಾಜರನ್ನು ಹೊಗಳುವವನು. ಪರಾಂಜಪೆಯವರಿಗೆ ಎರಡೂ ಅರ್ಥ ಒಪ್ಪುತ್ತಿತ್ತು. ಬ್ಯಾಂಕಿನಿಂದ ನಿವೃತ್ತರಾದ ಅವರು ಒಮ್ಮೆ ದಕ್ಷಿಣ ಅಮೆರಿಕದ ಆ್ಯಂಡೀಸ್ ಪರ್ವತಕ್ಕೆ ಹೋಗಿ ಬಂದಿದ್ದರು. ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಸಭಾಂಗಣದಲ್ಲಿ ಸ್ಲೈಡು ತೋರಿಸಿದರು: ದುಂಡು ಟೋಪಿಯ ಹೆಂಗಸರು, ಒಂಟೆಯ ತಮ್ಮನಂಥ ಪ್ರಾಣಿಗಳು, ಬಣ್ಣಬಣ್ಣದ ಆಲೂಗಡ್ಡೆ. ಅಲ್ಲಿ ಮಾರ್ಗದರ್ಶಕನೊಬ್ಬ ಹಗಲಿಡೀ ನಡೆಸಿ, ಮೂಲನಿವಾಸಿಗಳ ಊರು ತೋರಿಸಿ, ಅವರ ಒಲೆಯ ಮುಂದೆಯೇ ಉಣಿಸಿ ಕಳಿಸುತ್ತಾನಂತೆ. ‘ನಮ್ಮ ಸಹ್ಯಾದ್ರಿ ಏನು ಕಡಿಮೆ?’ ಎಂದರು. ಅಲ್ಲಿಂದ ತಂದ, ಕಿವಿ ಮುಚ್ಚುವ ಉಣ್ಣೆಯ ಟೋಪಿಯನ್ನು ಪುಣೆಯ ಸೆಕೆಯಲ್ಲೂ ಹಾಕಿಕೊಂಡಿದ್ದರು. ನನಗೆ ಅವರ ಧೈರ್ಯ ಮೆಚ್ಚುಗೆಯಾಯಿತು.

ಭಾನುವಾರ ಹೊರಟೆವು. ಏರಿನಲ್ಲಿ ನನಗೆ ಉಸಿರಾಡುವುದೇ ಒಂದು ಉದ್ಯೋಗವಾಯಿತು. ಮೇಲೆ ಠಾಕರ ಎಂಬ ಗುಡ್ಡಗಾಡು ಜನರ ಒಂದು ವಾಡಿ, ಹತ್ತಾರು ಗುಡಿಸಲು. ಒಂದು ಗುಡಿಸಲಿನ ಒಲೆಯ ಮುಂದೆ ಹಸಿರು ಸೀರೆಯ ಹೆಂಗಸು ಭಾಕರಿ ತಟ್ಟುತ್ತಿದ್ದಳು. ಪರಾಂಜಪೆ ದನಿ ಇಳಿಸಿ, ಗರ್ಭಗುಡಿಯ ಮುಂದೆ ನಿಂತವರಂತೆ ಹೇಳಿದರು: ‘ಇವಳು ಸೋನಾ. ಇವಳ ಪೂರ್ವಜರು ಸಾವಿರಾರು ವರ್ಷಗಳಿಂದ ಈ ಗುಡ್ಡ ಬಿಟ್ಟು ಇಳಿದಿಲ್ಲ. ಈ ಮುಖ ನೋಡಿ, ಈ ನೆಲದ್ದೇ ಮುಖ.’ ಎಲ್ಲರೂ ಮುಖ ನೋಡಿದರು. ಚೆನ್ನಾಗಿ ನೋಡಬೇಕೆಂದು ಕೆಲವರು ಒಲೆಯವರೆಗೂ ನುಗ್ಗಿದರು.

ಆ ಹೆಂಗಸು ತಲೆ ಎತ್ತದೆ ಗೊಣಗಿದಳು: “ಬೂಟು ಬಿಟ್ಟು ಬರ್ಲಾಕ ಏನಾಗ್ಯಾದ ಇವ್ರಿಗಿ?”

ಕನ್ನಡ ಕೇಳಿ ನನ್ನ ಉಸಿರು ಮತ್ತೊಮ್ಮೆ ನಿಂತಿತು. ಉಳಿದವರು ಹತ್ತಿರದ ಒಂದು ಗವಿ ನೋಡಲು ಹೋದಾಗ, ಕಾಲು ನೋವೆಂದು ಹೇಳಿ ಅಲ್ಲೇ ಕುಳಿತೆ.

“ಯಾ ಊರವ್ವಾ ನಿಂದು?” ಎಂದೆ.

ಅವಳ ಕೈಯಲ್ಲಿದ್ದ ರೊಟ್ಟಿ ಹರಿಯಿತು. “ಯಾದಗಿರಿ ಕಡೀರಿ ಅಣ್ಣಾ,” ಎಂದಳು. ಬಾಗಿಲ ಕಡೆ ನೋಡಿ, “ಆ ಸಾಹೇಬ್ರಿಗಿ ಹೇಳಬ್ಯಾಡ್ರಿ. ಗೊತ್ತಾದ್ರ ನಮ್ಮನಿಗಿ ಮಂದೀನ ಕರ್ಕೊಂಡ ಬರಂಗಿಲ್ಲ.”

ಅವಳ ಹೆಸರು ಶರಣಮ್ಮ. ತಾಯಿಯೊಡನೆ ಘಾಟಿನ ರಸ್ತೆ ಕೆಲಸಕ್ಕೆ ಬಂದವಳು, ಅದೇ ಕೆಲಸಕ್ಕಿದ್ದ ಈ ವಾಡಿಯ ಹುಡುಗನನ್ನು ಮೆಚ್ಚಿ ಮೇಲಕ್ಕೆ ಹತ್ತಿಬಿಟ್ಟಿದ್ದಳು. ಗಂಡನ ಮನೆಯಲ್ಲಿ ಸೋನಾ ಆದಳು. “ಖರೆ ಅಂದ್ರ ನಮ್ಮತ್ತಿ ಕೂಡಬೇಕಿತ್ತು ಇಲ್ಲಿ. ಕಂಡ ಮಂದಿ ಮುಂದ ನಾ ಕೂಡಂಗಿಲ್ಲ ಅಂದ್ಲು. ನಾ ಕುಂತೆ.”

ನನ್ನ ಹೊಟ್ಟೆಯಲ್ಲಿ ಒಂದು ಸಣ್ಣ ಉರಿ ಎದ್ದಿತೆಂದು ಒಪ್ಪಿಕೊಳ್ಳುತ್ತೇನೆ. ನಾನು ಜೀವಮಾನವಿಡೀ ಪುಣೆಯಲ್ಲಿ ತೇದು ಹೋದರೂ ಪರವೂರಿನವನು. ಇವಳು ಮೊನ್ನೆ ಬಂದು ಸಾವಿರಾರು ವರ್ಷ ಗಿಟ್ಟಿಸಿಕೊಂಡಿದ್ದಾಳೆ. ಆದರೆ ನಾನು ಏಳುವಾಗ ಅವಳು ಕೇಳಿದ ಮಾತಿಗೆ ಆ ಉರಿ ಆರಿತು.

“ನಮ್ಮವ್ವ ಭೀಮವ್ವ ಅಂತ. ಖರಾಡ್ಯಾಗ ದೊಡ್ಡ ಬಿಲ್ಡಿಂಗ್ ಕೆಲಸಕ್ಕ ಅದಾಳಂತ. ಸಿಕ್ರ ನಾ ಚಲೋ ಅದೀನಿ ಅಂತ ಹೇಳ್ರಿ. ಅಷ್ಟ ಸಾಕು.”

ಆಗ ಪುಣೆಯ ಹೊರವಲಯದ ಖರಾಡಿಯಲ್ಲಿ ಎಲ್ಲಿ ನೋಡಿದರೂ ಕಂಪ್ಯೂಟರಿನವರಿಗಾಗಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅವುಗಳ ನೆರಳಿನಲ್ಲಿ ತಗಡಿನ ಶೆಡ್ಡುಗಳು. ಶೆಡ್ಡುಗಳ ಒಳಗೆ ನಮ್ಮ ಜನ. ಯಾದಗಿರಿಯವರು ಎಲ್ಲಿ ಎಂದು ಕೇಳುತ್ತ ಹೋದೆ. ಭೀಮವ್ವ ಸಿಕ್ಕಳು, ತಲೆಯ ಮೇಲೆ ಸಿಂಬಿ, ರೆಪ್ಪೆಯ ಮೇಲೆಲ್ಲ ಸಿಮೆಂಟಿನ ಧೂಳು. ನಾನು ಹೇಳುವುದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು.

“ಆಕಿ ಸತ್ತಾಳ್ರಿ,” ಎಂದಳು.

“ಇಲ್ಲವ್ವಾ, ನಾನ ನೋಡೀನಿ. ಕೈಯಾರೆ ರೊಟ್ಟಿ ಕೊಟ್ಟಾಳ.”

“ನೀವು ನೋಡಿರಬೇಕ್ರಿ. ಊರಾಗ ಸತ್ತಾಳ. ಮಣ್ಣ ಮಾಡೀವಿ ಅಂತ ಹೇಳಿ ಮಂದಿಗಿ ಉಣಿಸೀವಿ. ಓಡಿ ಹೋಗ್ಯಾಳ ಅಂದ್ರ ಆಕಿ ತಂಗೀನ ಯಾರ ಮಾಡ್ಕೋತಾರ? ಬರೂ ಬ್ಯಾಸಿಗ್ಯಾಗ ಲಗ್ನ ಅದ.” ಸಿಂಬಿ ಸರಿಮಾಡಿಕೊಂಡಳು. “ನೀವು ದೊಡ್ಡವರಿದ್ದೀರಿ. ಮತ್ತ ಬರಬ್ಯಾಡ್ರಿ.”

ಮನೆಯಲ್ಲಿ ಹೆಂಡತಿ ಎಂದಳು: “ಆ ಹುಡುಗಿಗಿ ಅವ್ವನ ಹೆಸರಿಲೆ ಎರಡು ಒಳ್ಳೆ ಮಾತು ನೀವೇ ಕಟ್ಟಿ ಹೇಳ್ರಿ. ನಿಮ್ಮ ಗಂಟೇನು ಹೋಗ್ತದ?” ಒಪ್ಪಿದೆ. ಮುಂದಿನ ತಿಂಗಳ ನಡಿಗೆಯಲ್ಲಿ, ಏರಿನುದ್ದಕ್ಕೂ ಆ ಎರಡು ಮಾತನ್ನು ಕಟ್ಟುತ್ತಲೇ ಹೋದೆ. ಉಳಿದವರು ಕೆಳಗೆ ತೊರೆಯ ಹತ್ತಿರ ಫೋಟೋ ತೆಗೆಯುತ್ತಿದ್ದಾಗ ನಾನು ಮುಂಚೆಯೇ ವಾಡಿ ಸೇರಿದೆ. ಶರಣಮ್ಮ ನನ್ನ ಮುಖ ನೋಡಿದಳು. ಸುಳ್ಳು ಹೇಳುವುದಕ್ಕೂ ಉಸಿರು ಬೇಕು. ನನ್ನಲ್ಲಿ ಅದು ಉಳಿದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

ಅವಳು ಹಿಟ್ಟು ನಾದುತ್ತಲೇ ಇದ್ದಳು.

“ಊರಿಗೆಲ್ಲ ಉಣಿಸ್ಯಾರೇನ್ರಿ?”

“ಹಂಗಂದ್ಲು.”

“ನನ್ನ ಲಗ್ನದಾಗ ಒಬ್ಬರಿಗಿ ಒಂದು ತುತ್ತು ಹಾಕಿಲ್ಲ,” ಎಂದಳು. ಹಿಟ್ಟಿಗೆ ನೀರು ಚಿಮುಕಿಸಿ, “ತಂಗೀದು ಲಗ್ನ ಛಂದಾಗಿ ಆಗ್ಲಿ ಬಿಡ್ರಿ.”

ಅಷ್ಟರಲ್ಲಿ ಬೂಟುಗಳ ಸದ್ದಾಯಿತು. ಪರಾಂಜಪೆ ಟೋಪಿಯ ಕಿವಿ ಎತ್ತಿಕೊಂಡು ಹೊಸಬರಿಗೆ ವಿವರಿಸತೊಡಗಿದರು. ಈ ಜನರ ಭಾಷೆಯಲ್ಲಿ ದುಃಖ ಎಂಬುದಕ್ಕೆ ಶಬ್ದವೇ ಇಲ್ಲವಂತೆ. ಆ್ಯಂಡೀಸಿನಲ್ಲೂ ಅವರಿಗೆ ಹೀಗೆಯೇ ಹೇಳಿದ್ದರಂತೆ. ಅಲ್ಲಿಯ ದುಂಡು ಟೋಪಿಯ ಹೆಂಗಸರು ಯಾವ ಯಾವ ಊರಿನಲ್ಲಿ ಸತ್ತು ಬಂದು ಆ ಒಲೆಗಳ ಮುಂದೆ ಕುಳಿತಿದ್ದರೋ, ಸ್ಲೈಡಿನಲ್ಲಿ ಅದು ಬಂದಿರಲಿಲ್ಲ.

ಶರಣಮ್ಮ ಎಲ್ಲರಿಗೂ ಭಾಕರಿ ಹಾಕುತ್ತ ಬಂದಳು. ನನ್ನ ಮುಂದೆ ನಿಂತು, ಉಳಿದವರಿಗೆ ಹೇಳಿದ ದನಿಯಲ್ಲೇ, ಅದೇ ಮರಾಠಿಯಲ್ಲಿ, “ಭಾಕರಿ ಘ್ಯಾ, ದಾದಾ,” ಎಂದಳು. ಅಣ್ಣ ಹೋಗಿ ದಾದಾ ಆಗಿದ್ದೆ. ತೀರಿಕೊಂಡವರೊಡನೆ ಅವರ ಹಳೆಯ ಭಾಷೆಯಲ್ಲಿ ಮಾತಾಡುವುದು ಸರಿಯಲ್ಲವೆಂದು ನನಗೂ ತಿಳಿಯಿತು. ಅರ್ಧ ಸಾಕೆಂದು ಮರಾಠಿಯಲ್ಲೇ ಹೇಳಿದೆ.

ಅವಳು ಇಡೀ ರೊಟ್ಟಿಯನ್ನೇ ಹಾಕಿ ಮುಂದೆ ಹೋದಳು.